ಡಿ7200 ಬಿಟ್ಟು ಮಿರರ್‌ಲೆಸ್‌ಗೆ ಹೋಗಬೇಕಾ? (ಹಕ್ಕಿ ಫೋಟೋಗ್ರಫಿ, 200-500 ಲೆನ್ಸ್ ಕೈಯಲ್ಲಿದೆ)

ಕಾವೇರಿ_ತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಬದಲಾಯಿಸೋದಾ ಬೇಡವಾ ಅನ್ನೋದು ತೀರ್ಮಾನ ಆಗಬೇಕಿದೆ. ವಿವರ ಪೂರ್ತಿ ಕೊಡ್ತಿದ್ದೀನಿ, ಗೊತ್ತಿರೋರು ಹೇಳಿ.

ಈಗ ಇರೋದು: ನಿಕಾನ್ ಡಿ7200, ಎಎಫ್-ಎಸ್ 200-500 ಎಂಎಂ ಎಫ್ 5.6 ವಿಆರ್ (ಕೈ ನಡುಕ ತಡೆಯುವ ವ್ಯವಸ್ಥೆ ಇರೋದು), ಜೊತೆಗೆ ಹಳೇ 50 ಎಂಎಂ ಎಫ್ 1.8 ಡಿ. ತೆಗೆಯೋದು ಮುಕ್ಕಾಲು ಪಾಲು ಹಕ್ಕಿಗಳನ್ನೇ. ರಂಗನತಿಟ್ಟು, ಕೊಕ್ಕರೆ ಬೆಳ್ಳೂರು, ಮೈಸೂರು ಸುತ್ತಮುತ್ತಲ ಕೆರೆಗಳು, ಆಗೊಮ್ಮೆ ಈಗೊಮ್ಮೆ ಗಣೇಶಗುಡಿ. ರಾ ಫೈಲ್ (ಸೆನ್ಸರ್‌ನ ಕಚ್ಚಾ ಡೇಟಾ) ಮಾತ್ರ ತೆಗೀತೀನಿ, ಎಡಿಟಿಂಗ್ ಹಳೇ ಲೈಟ್‌ರೂಮ್ 6ರಲ್ಲಿ.

ತೊಂದರೆಗಳು:

1. ಹಾರುವ ರೀವ (ಟರ್ನ್), ಕಳ್ಳಿಪೀರ (ಬೀ-ಈಟರ್) ಹಿಡಿಯುವಾಗ ಮೊದಲ ಎರಡು ಮೂರು ಫ್ರೇಮ್ ಚೆನ್ನಾಗಿ ಬರುತ್ತೆ, ಆಮೇಲೆ ಫೋಕಸ್ ಹಿಂದಿನ ಮರಕ್ಕೆ ಹೋಗುತ್ತೆ.
2. ಮಿಂಚುಳ್ಳಿ ನೀರಿಗೆ ಬೀಳುವ ಹೊತ್ತಿಗೆ ಸರಿಯಾಗಿ ಬಫರ್ (ಕಾರ್ಡಿಗೆ ಬರೆಯುವ ಮುಂಚೆ ಫೋಟೋ ಇಟ್ಟುಕೊಳ್ಳುವ ಮೆಮೊರಿ) ತುಂಬಿ ಕ್ಯಾಮೆರಾ ನಿಂತುಬಿಡುತ್ತೆ.
3. ಕಾಡಿನೊಳಗೆ ಐಎಸ್‌ಒ (ಬೆಳಕಿಗೆ ಸಂವೇದನೆಯ ಅಳತೆ) 3200 ದಾಟಿದರೆ ನಾಯ್ಸ್ (ಚಿತ್ರದಲ್ಲಿ ಕಾಳು ಕಾಳು) ಜಾಸ್ತಿ.
4. ಕೂತಿರೋ ಹಕ್ಕಿಯೂ 500 ಎಂಎಂನಲ್ಲಿ ಕೆಲವು ಸಲ ಸ್ವಲ್ಪ ಮಸುಕು.

ಯೋಚಿಸಿರೋದು ಮೂರು ದಾರಿ. ಕನ್ನಡಿ ಇಲ್ಲದ ಮಿರರ್‌ಲೆಸ್ ಬಾಡಿ ಝಡ್50 ಟೂ ಜೊತೆ ಎಫ್‌ಟಿಝಡ್ ಟೂ ಅಡಾಪ್ಟರ್ (ಹಳೇ ಲೆನ್ಸನ್ನು ಝಡ್ ಬಾಡಿಗೆ ಜೋಡಿಸೋದು) ತಗೊಂಡು ಇದೇ ಲೆನ್ಸ್ ಹಾಕೋದು. ಇಲ್ಲವೇ ಸೆಕೆಂಡ್ ಹ್ಯಾಂಡ್ ಡಿ500 (ಡಿ7200ರ ಹಾಗೇ ಕನ್ನಡಿ ಇರುವ ಡಿಎಸ್‌ಎಲ್‌ಆರ್). ಇಲ್ಲವೇ ಸ್ವಲ್ಪ ಕಷ್ಟಪಟ್ಟು ಝಡ್6 ಥ್ರೀ (ದೊಡ್ಡ ಸೆನ್ಸರ್‌ನ ಮಿರರ್‌ಲೆಸ್). ಯಾವುದು ಸರಿ? ಅಥವಾ ಇರೋದರಲ್ಲೇ ಇರೋದಾ?

---

ಮಸೂರ

ಸರ್, ನಿಮ್ಮ ನಾಲ್ಕು ತೊಂದರೆಗೂ ಕಾರಣ ಬೇರೆ ಬೇರೆ. ಹೊಸ ಬಾಡಿ ಪೂರ್ತಿ ಪರಿಹಾರ ಆಗೋದು ಮೊದಲನೆಯದಕ್ಕೆ ಮಾತ್ರ. ಎರಡನೆಯದು ಅರ್ಧ ಸೆಟ್ಟಿಂಗ್‌ನಲ್ಲೇ ಸರಿಹೋಗುತ್ತೆ. ಮೂರನೆಯದಕ್ಕೆ ಬಾಡಿಗಿಂತ ಸಾಫ್ಟ್‌ವೇರ್ ಮುಖ್ಯ. ನಾಲ್ಕನೆಯದು ಬಹುಶಃ ದುಡ್ಡು ಖರ್ಚಿಲ್ಲದೆ ಹೋಗುವಂಥದ್ದು. ಹಾಗಾಗಿ ಅಂಗಡಿಗೆ ಹೋಗುವ ಮುಂಚೆ ಕೆಟ್ಟ ಫೋಟೋಗಳನ್ನು ಡಿಲೀಟ್ ಮಾಡದೆ ಇಟ್ಟುಕೊಂಡು, ಯಾವುದು ಯಾಕೆ ಕೆಟ್ಟಿದೆ ಅಂತ ವಿಂಗಡಿಸಿ.

ನಿಕಾನ್ ಎನ್‌ಎಕ್ಸ್ ಸ್ಟುಡಿಯೋ ಉಚಿತ. ಅದರಲ್ಲಿ ಫೋಟೋ ತೆರೆದು ಫೋಕಸ್ ಪಾಯಿಂಟ್ ತೋರಿಸುವ ಆಯ್ಕೆ ಒತ್ತಿ, 100%ಗೆ ಹಿಗ್ಗಿಸಿ ನೋಡಿ. ಲೈಟ್‌ರೂಮ್ 6 ಈ ಪಾಯಿಂಟ್ ತೋರಿಸಲ್ಲ. ಗುರುತು ಹಿಡಿಯೋದು ಹೀಗೆ:

ಹಕ್ಕಿ ಮಸುಕು, ಆದರೆ ಅದರ ಮುಂದಿನ ಅಥವಾ ಹಿಂದಿನ ಕೊಂಬೆ, ಹುಲ್ಲು, ನೀರಿನ ಅಲೆ ಶಾರ್ಪ್ ಆಗಿದ್ದರೆ ಅದು ಫೋಕಸ್ ತಪ್ಪಿದ್ದು. ಪಾಯಿಂಟ್ ಹಕ್ಕಿಯ ಮೇಲೇ ಇದ್ದೂ ಹೀಗಾಗಿದ್ದರೆ ಫೈನ್ ಟ್ಯೂನ್ (ಆ ಲೆನ್ಸಿಗೆ ತಕ್ಕ ಫೋಕಸ್ ತಿದ್ದುಪಡಿ) ತಪ್ಪಿರಬಹುದು. ಪಾಯಿಂಟ್ ಹಿನ್ನೆಲೆ ಮೇಲೆ ಕೂತಿದ್ದರೆ ಟ್ರ್ಯಾಕಿಂಗ್ ಸೋತಿದೆ. ಚಿತ್ರವೆಲ್ಲ ಒಂದೇ ದಿಕ್ಕಿಗೆ ಎಳೆದ ಹಾಗೆ, ಗರಿಯ ಅಂಚು ಜೋಡಿ ಗೆರೆಯಾಗಿ ಕಂಡರೆ ಕೈ ಅಲುಗಿದೆ ಅಥವಾ ಶಟರ್ ಸ್ಪೀಡ್ ಸಾಲದು. ಒಂದೇ ಬರ್ಸ್ಟ್‌ನಲ್ಲಿ (ಬೆರಳು ಎತ್ತದೆ ಸತತವಾಗಿ ತೆಗೆದದ್ದರಲ್ಲಿ) ಒಂದು ಫ್ರೇಮ್ ಪರವಾಗಿಲ್ಲ, ಮುಂದಿನದು ಮಸುಕು, ಹಕ್ಕಿಯ ಅಂಚೂ ಸ್ವಲ್ಪ ಸೊಟ್ಟ, ಎಲ್ಲೂ ಏನೂ ಪೂರ್ತಿ ಶಾರ್ಪ್ ಇಲ್ಲ ಅಂದರೆ ಅದು ಬಿಸಿಗಾಳಿಯ ನಡುಕ. ಬೆಳಿಗ್ಗೆ ಹತ್ತರ ನಂತರ ಕೆರೆ ಏರಿ ಮೇಲಿಂದ ದೂರದ ಹಕ್ಕಿ ತೆಗೆದರೆ ಇದು ಖಾಯಂ. ಲಕ್ಷಗಟ್ಟಲೆ ಬೆಲೆಯ ಬಾಡಿ ಹಾಕಿದರೂ ಹೋಗಲ್ಲ. ಹತ್ತಿರ ಹೋಗಬೇಕು, ಇಲ್ಲಾಂದರೆ ಬೇಗ ಹೋಗಬೇಕು.

ನಾಲ್ಕನೇ ತೊಂದರೆಗೆ ಈ ಪರೀಕ್ಷೆ ಮಾಡಿ. ಗಟ್ಟಿ ಟ್ರೈಪಾಡ್, ಲೆನ್ಸಿನ ಕಾಲರ್ ಮೇಲೆ ಕೂರಿಸಿ, ವಿಆರ್ ಆಫ್, 500 ಎಂಎಂ, ಎಫ್ 5.6, ಕಡಿಮೆ ಐಎಸ್‌ಒ. ನೀವು ಸಾಮಾನ್ಯವಾಗಿ ಹಕ್ಕಿ ತೆಗೆಯುವ ದೂರದಲ್ಲಿ, ಅಂದರೆ 12ರಿಂದ 20 ಮೀಟರ್‌ನಲ್ಲಿ, ಅಕ್ಷರ ತುಂಬಿದ ಚಪ್ಪಟೆ ಡಬ್ಬ ಇಡಿ. ಸೂರ್ಯ ಏರುವ ಮುಂಚೆ ಮಾಡಿ. ಎಕ್ಸ್‌ಪೋಶರ್ ಡಿಲೇ 3 ಸೆಕೆಂಡ್‌ಗೆ ಹಾಕಿ. ಮೊದಲು ಲೈವ್ ವ್ಯೂನಲ್ಲಿ ಫೋಕಸ್ ಮಾಡಿ ಐದಾರು ಫೋಟೋ, ಆಮೇಲೆ ವ್ಯೂಫೈಂಡರ್‌ನಲ್ಲಿ ಮಧ್ಯದ ಪಾಯಿಂಟ್‌ನಿಂದ ಐದಾರು. ಪ್ರತಿ ಸಲವೂ ರಿಂಗ್ ತಿರುಗಿಸಿ ಫೋಕಸ್ ಕೆಡಿಸಿಯೇ ಮತ್ತೆ ಹಿಡಿಯಬೇಕು, ಒಮ್ಮೆ ಹತ್ತಿರದಿಂದ, ಒಮ್ಮೆ ದೂರದಿಂದ.

ಲೈವ್ ವ್ಯೂ ಫೋಕಸ್ ನೇರ ಸೆನ್ಸರ್ ಮೇಲಿನ ಚಿತ್ರ ನೋಡಿ ಆಗುತ್ತೆ. ವ್ಯೂಫೈಂಡರ್‌ನದು ಕನ್ನಡಿ ಕೆಳಗಿರುವ ಬೇರೆ ಎಎಫ್ (ಆಟೋಫೋಕಸ್) ಮಾಡ್ಯೂಲ್‌ನಿಂದ. ಈ ಎರಡರ ನಡುವಿನ ದೂರದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಇದ್ದರೂ 500 ಎಂಎಂನಲ್ಲಿ ಎದ್ದು ಕಾಣುತ್ತೆ. ಲೆಕ್ಕ ನೋಡಿ: 500 ಎಂಎಂ, ಎಫ್ 5.6ರಲ್ಲಿ 10 ಮೀಟರ್ ದೂರದ ಹಕ್ಕಿಗೆ ಸಿಗುವ ಫೋಕಸ್ ಆಳ ಸುಮಾರು 9 ಸೆಂ.ಮೀ. ಅಷ್ಟೇ, ಮುಂದೆ ಹಿಂದೆ ಸೇರಿ. ಕಣ್ಣಿನ ಬದಲು ರೆಕ್ಕೆ ಶಾರ್ಪ್ ಆಗೋಕೆ ಇಷ್ಟು ಸಾಕು.

ಲೈವ್ ವ್ಯೂ ಶಾರ್ಪ್, ವ್ಯೂಫೈಂಡರ್ ಮಸುಕು ಅಂದರೆ ಸೆಟಪ್ ಮೆನುವಿನಲ್ಲಿ ಎಎಫ್ ಫೈನ್ ಟ್ಯೂನ್‌ಗೆ ಹೋಗಿ. −20ರಿಂದ +20ರವರೆಗೆ ಇದೆ. ಫೋಕಸ್ ಗುರಿಗಿಂತ ಮುಂದೆ, ಅಂದರೆ ನಿಮ್ಮ ಕಡೆಗೆ ಬೀಳುತ್ತಿದ್ದರೆ ಪ್ಲಸ್. ಗುರಿಯ ಹಿಂದೆ ಬಿದ್ದರೆ ಮೈನಸ್. ನಾಲ್ಕು ನಾಲ್ಕು ಅಂಕ ಬದಲಾಯಿಸುತ್ತಾ ಹೋಗಿ, ಕೊನೆಗೆ ಒಂದೊಂದು. ಝೂಮ್ ಲೆನ್ಸಿಗೂ ಇದರಲ್ಲಿ ಒಂದೇ ಅಂಕ ಉಳಿಯೋದು, ಆದ್ದರಿಂದ 500ರಲ್ಲೇ ಹೊಂದಿಸಿ, 200ರ ಕಡೆ ತಲೆ ಕೆಡಿಸಿಕೊಳ್ಳಬೇಡಿ. ಎರಡೂ ಮಸುಕು ಬಂದರೆ ಲೆನ್ಸನ್ನು ಸರ್ವಿಸ್‌ಗೆ ಕೊಡುವ ಮಾತು, ಬಾಡಿ ಬದಲಾಯಿಸಿ ಪ್ರಯೋಜನ ಇಲ್ಲ.

ಬಫರ್ ವಿಷಯ: ಡಿ7200 14 ಬಿಟ್ ಲಾಸ್‌ಲೆಸ್ ರಾನಲ್ಲಿ 18 ಫ್ರೇಮ್‌ಗೆ ತುಂಬುತ್ತೆ, ವೇಗವೂ ಸೆಕೆಂಡಿಗೆ 5ಕ್ಕೆ ಇಳಿಯುತ್ತೆ. ಮೂರೂವರೆ ಸೆಕೆಂಡಿನ ಮಾತು. 12 ಬಿಟ್‌ಗೆ ಹಾಕಿ, 27ರವರೆಗೆ ಹೋಗುತ್ತೆ, ವೇಗ 6 ಆಗುತ್ತೆ. ಐಎಸ್‌ಒ 800 ಮೇಲೆ 12 ಮತ್ತು 14 ಬಿಟ್‌ಗೆ ಕಣ್ಣಿಗೆ ಕಾಣುವ ವ್ಯತ್ಯಾಸ ಇಲ್ಲ. ಇನ್ನೊಂದು, ಎರಡನೇ ಕಾರ್ಡ್ ಸ್ಲಾಟ್ ‘ಬ್ಯಾಕಪ್’ನಲ್ಲಿದ್ದರೆ ಪ್ರತಿ ಫೈಲ್ ಎರಡು ಸಲ ಬರೆಯಬೇಕು, ಬಫರ್ ಖಾಲಿಯಾಗೋದು ನಿಧಾನ. ‘ಓವರ್‌ಫ್ಲೋ’ಗೆ (ಮೊದಲ ಕಾರ್ಡ್ ತುಂಬಿದ ಮೇಲೆ ಎರಡನೆಯದು) ಬದಲಾಯಿಸಿ.

ಪರೀಕ್ಷೆ ಮಾಡಿ ಫಲಿತಾಂಶ ಇಲ್ಲಿ ಹಾಕಿ. ಆಮೇಲೆ ಬಾಡಿ ಮಾತಾಡೋಣ.

---

ಹೆಜ್ಜಾರ್ಲೆ_ಹಿಂದೆ

ಝಡ್6 ಥ್ರೀ ಒಳ್ಳೆ ಕ್ಯಾಮೆರಾ, ಎರಡು ಮಾತಿಲ್ಲ. ಆದರೆ 500 ಎಂಎಂ ಲೆನ್ಸ್ ಇಟ್ಟುಕೊಂಡು ಹಕ್ಕಿಗಂತಲೇ ತಗೊಳ್ಳುವವರು ಒಂದು ಲೆಕ್ಕ ಮಾಡಲೇಬೇಕು. ಅಂಗಡಿಯಲ್ಲಿ ಇದನ್ನು ಯಾರೂ ಹೇಳಲ್ಲ.

ನಿಮ್ಮ ಡಿ7200 ಸೆನ್ಸರ್ ಅಗಲ 23.5 ಎಂಎಂ, ಅದರಲ್ಲಿ 6000 ಪಿಕ್ಸೆಲ್. ಝಡ್6 ಥ್ರೀ ಫುಲ್ ಫ್ರೇಮ್, ಸುಮಾರು 36 ಎಂಎಂ ಅಗಲಕ್ಕೆ 6048 ಪಿಕ್ಸೆಲ್. ಒಂದೇ ಜಾಗದಲ್ಲಿ ನಿಂತು, ಒಂದೇ ಲೆನ್ಸಿನಲ್ಲಿ, ಒಂದೇ ಹಕ್ಕಿ ತೆಗೆದಿರಿ ಅಂದುಕೊಳ್ಳಿ. ಡಿ7200ರಲ್ಲಿ ಆ ಹಕ್ಕಿ 1500 ಪಿಕ್ಸೆಲ್ ಉದ್ದ ಬಂದರೆ ಝಡ್6 ಥ್ರೀಯಲ್ಲಿ 1000ದ ಆಸುಪಾಸು. ಝಡ್50 ಟೂ ಮತ್ತು ಡಿ500 ಎರಡೂ 20.9 ಮೆಗಾಪಿಕ್ಸೆಲ್, ಅವುಗಳಲ್ಲಿ ಸುಮಾರು 1390. ಝಡ್8ರ 45.7 ಮೆಗಾಪಿಕ್ಸೆಲ್‌ನಲ್ಲಿ 1350. ಝಡ್6 ಥ್ರೀಯನ್ನು ಡಿಎಕ್ಸ್ (ಡಿ7200ರ ಚಿಕ್ಕ ಸೆನ್ಸರ್ ಅಳತೆ) ಕ್ರಾಪ್‌ಗೆ ಹಾಕಿದರೆ ಉಳಿಯೋದು ಸುಮಾರು 10 ಮೆಗಾಪಿಕ್ಸೆಲ್.

‘ಫುಲ್ ಫ್ರೇಮ್‌ನಲ್ಲಿ ನಾಯ್ಸ್ ಕಡಿಮೆ’ ಅನ್ನೋದೂ ಇಲ್ಲಿ ಅರ್ಧ ಸತ್ಯ. ದೊಡ್ಡ ಸೆನ್ಸರ್ ಪೂರ್ತಿ ತುಂಬುವಷ್ಟು ಹಕ್ಕಿ ದೊಡ್ಡದಾಗಿ ಬಂದರೆ ಮಾತ್ರ ಆ ಲಾಭ. ನೀವು ಕ್ರಾಪ್ ಮಾಡಿ ಡಿಎಕ್ಸ್ ಅಷ್ಟಕ್ಕೇ ತಂದಿರಿ ಅಂದರೆ ಹಕ್ಕಿಯಿಂದ ಬಂದ ಬೆಳಕು ಅಷ್ಟೇ, ನಾಯ್ಸ್ ಕೂಡ ಹೆಚ್ಚುಕಡಿಮೆ ಅಷ್ಟೇ. ಕೊಕ್ಕರೆ ಬೆಳ್ಳೂರಿನಲ್ಲಿ ತಲೆ ಮೇಲೆ ಹಾರುವ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗೆ ಫುಲ್ ಫ್ರೇಮ್ ಚೆಂದ, 500 ಎಂಎಂ ಡಿಎಕ್ಸ್‌ನಲ್ಲಿ ರೆಕ್ಕೆ ಕತ್ತರಿಸಿಹೋಗುತ್ತೆ. ಕಳ್ಳಿಪೀರ, ಮಿಂಚುಳ್ಳಿ, ಕಾಡಿನ ಪುಟ್ಟ ಹಕ್ಕಿಗಳಿಗೆ ಡಿಎಕ್ಸ್‌ನ ಒತ್ತಾದ ಪಿಕ್ಸೆಲ್ಲೇ ಬೇಕು. ನಿಮ್ಮ ಪಟ್ಟಿಯಲ್ಲಿ ಚಿಕ್ಕವೇ ಜಾಸ್ತಿ ಕಾಣ್ತಿವೆ, ಹಾಗಾಗಿ ಮೂರನೇ ದಾರಿ ನಾನಾದರೆ ಬಿಟ್ಟುಬಿಡ್ತೀನಿ.

ನಾಯ್ಸ್‌ಗೆ ಬೇರೆ ಮಾತು. 2015ರ ಡಿ7200 ಸೆನ್ಸರ್ ಇವತ್ತಿಗೂ ಒಳ್ಳೆಯದೇ. ಅದಕ್ಕೂ ಝಡ್50 ಟೂಗೂ ಐಎಸ್‌ಒ 3200ರಲ್ಲಿ ಹೇಳಿಕೊಳ್ಳುವಂಥ ಅಂತರ ಇಲ್ಲ. ನಿಜವಾದ ಅಂತರ ಬಂದಿರೋದು ಸಾಫ್ಟ್‌ವೇರ್‌ನಲ್ಲಿ. 2023ರಲ್ಲಿ ಲೈಟ್‌ರೂಮ್‌ಗೆ ಬಂದ ಎಐ ಡಿನಾಯ್ಸ್, ಅಥವಾ ಡಿಎಕ್ಸ್‌ಒ ಪ್ಯೂರ್‌ರಾ, ಇವು ಡಿ7200ರ ರಾ ಫೈಲ್ ಮೇಲೂ ಕೆಲಸ ಮಾಡುತ್ತವೆ. ಹಳೇ ಐಎಸ್‌ಒ 6400 ಫೈಲ್ ಒಂದನ್ನು ಟ್ರಯಲ್ ಆವೃತ್ತಿಯಲ್ಲಿ ಹಾಕಿ ನೋಡಿ. ಮೂರನೇ ತೊಂದರೆ ಬಹುಪಾಲು ಅಲ್ಲೇ ಮುಗಿಯುತ್ತೆ. ಒಂದೇ ಷರತ್ತು, ಎಕ್ಸ್‌ಪೋಶರ್ ಸರಿ ಇರಬೇಕು. ಕತ್ತಲಾಗಿ ತೆಗೆದು ಆಮೇಲೆ ಎರಡು ಸ್ಟಾಪ್ ಎತ್ತಿದರೆ ಐಎಸ್‌ಒ 3200 ಕೂಡ 12800ರ ಹಾಗೆ ಕಾಣುತ್ತೆ. ಬಿಳಿ ಆಕಾಶದ ಮುಂದಿನ ಹಕ್ಕಿಗೆ +1ರಿಂದ +1.7 ಎಕ್ಸ್‌ಪೋಶರ್ ಕಾಂಪೆನ್ಸೇಶನ್ ಕೊಡೋದನ್ನು ಮರೆಯಬೇಡಿ.

---

ಎಫ್‌ಟಿಝಡ್_ಬಳಕೆದಾರ

ಝಡ್50 ಟೂ ಮೇಲೆ 200-500 ಹಾಕೋದರ ಬಗ್ಗೆ ಹೇಳ್ತೀನಿ. ಒಳ್ಳೆಯದೂ ಇದೆ, ಮುಂಚೆಯೇ ಗೊತ್ತಿರಬೇಕಾದ ತೊಡಕೂ ಇವೆ.

ಒಳ್ಳೆಯದು ಏನಂದ್ರೆ, 2024ರ ನವೆಂಬರ್‌ನಲ್ಲಿ ಬಂದ ಈ ಬಾಡಿಯಲ್ಲಿ ಝಡ್8, ಝಡ್9ರ ಎಕ್ಸ್‌ಪೀಡ್ 7 ಪ್ರೊಸೆಸರ್ ಇದೆ, ಹಕ್ಕಿಗೇ ಅಂತ ಪ್ರತ್ಯೇಕ ಡಿಟೆಕ್ಷನ್ ಇದೆ. ಹಕ್ಕಿಯ ಮೈ, ತಲೆ, ಕಣ್ಣು ಗುರುತಿಸಿ ಹಿಂಬಾಲಿಸುತ್ತೆ. ಫೋಕಸ್ ಸೆನ್ಸರ್ ಮೇಲೇ ನಡೆಯೋದರಿಂದ ಮಸೂರ ಸರ್ ಹೇಳಿದ ಫೈನ್ ಟ್ಯೂನ್ ಗೋಳು ಇಲ್ಲ. ಡಿ7200ರ 51 ಪಾಯಿಂಟ್‌ಗಳಲ್ಲಿ ಕ್ರಾಸ್ ಟೈಪ್ (ಅಡ್ಡ, ಉದ್ದ ಎರಡೂ ಗೆರೆ ಹಿಡಿಯುವಂಥವು) 15 ಮಾತ್ರ, ಅವೂ ಮಧ್ಯದಲ್ಲೇ ಗುಂಪಾಗಿವೆ. ಇಲ್ಲಿ ಫೋಕಸ್ ಫ್ರೇಮಿನ ಅಂಚಿನವರೆಗೂ ಸಿಗುತ್ತೆ. 1.4 ಟೆಲಿಕನ್ವರ್ಟರ್ (ಲೆನ್ಸಿನ ಹಿಂದೆ ಕೂತು 1.4 ಪಟ್ಟು ಹತ್ತಿರ ತೋರಿಸುವುದು) ಹಾಕಿ ಎಫ್ 8 ಆದರೂ ಅಷ್ಟೇ. ಡಿ7200ರಲ್ಲಿ ಎಫ್ 8ಕ್ಕೆ ಕೆಲಸ ಮಾಡೋದು ಮಧ್ಯದ ಒಂದೇ ಪಾಯಿಂಟ್.

ಇನ್ನು ತೊಡಕುಗಳು. 200-500ರ ಒಳಗಿನ ಮೋಟಾರ್ ನಿಧಾನದ್ದು, ಬಾಡಿ ಬದಲಾದರೆ ಅದರ ವೇಗ ಹೆಚ್ಚಲ್ಲ. ಫೋಕಸ್ ಎಲ್ಲಿಗೆ ಹೋಗಬೇಕು ಅನ್ನೋದನ್ನು ಹೊಸ ಬಾಡಿ ಚೆನ್ನಾಗಿ ಹೇಳುತ್ತೆ, ಅಲ್ಲಿಗೆ ತಲುಪೋದು ಲೆನ್ಸಿನ ಕೆಲಸ. ಲೆನ್ಸ್ ಮೇಲಿನ ಫೋಕಸ್ ಲಿಮಿಟ್ ಸ್ವಿಚ್ಚನ್ನು 6 ಮೀಟರ್‌ನಿಂದ ಅನಂತದ ಕಡೆ ಇಡಿ, ಅಲೆದಾಟ ಕಡಿಮೆಯಾಗುತ್ತೆ.

ಲೆನ್ಸ್ ಪೂರ್ತಿ ಔಟ್ ಆಫ್ ಫೋಕಸ್ ಇದ್ದಾಗ ಹಕ್ಕಿ ಬಂದರೆ, ಝಡ್ ಬಾಡಿಗಳು ಅದನ್ನು ಬಿಟ್ಟು ಹಿಂದಿನ ಹುಲ್ಲಿಗೆ ಅಂಟಿಕೊಳ್ಳುವುದುಂಟು. ಅಂದಾಜು ಅದೇ ದೂರದಲ್ಲಿರುವ ಕೊಂಬೆಗೋ ನೆಲಕ್ಕೋ ಮೊದಲೇ ಫೋಕಸ್ ಮಾಡಿಟ್ಟು ಕಾಯಿರಿ. ಆದರೂ ಹಿಂದಕ್ಕೆ ಹೋದರೆ ಬಟನ್ ಒತ್ತುತ್ತಲೇ ಇದ್ದು ಪ್ರಯೋಜನ ಇಲ್ಲ. ಫೋಕಸ್ ರಿಂಗನ್ನು ಕೈಯಿಂದ ಹತ್ತಿರಕ್ಕೆ ಎಳೆದು ಮತ್ತೆ ಒತ್ತಬೇಕು.

ಮೆಕ್ಯಾನಿಕಲ್ ಶಟರ್‌ನಲ್ಲಿ ಸೆಕೆಂಡಿಗೆ 11 ಫ್ರೇಮ್‌ವರೆಗೆ ಬರುತ್ತೆ. ಜಾಹೀರಾತಿನಲ್ಲಿರುವ 15, 30 ಫ್ರೇಮ್, ಮತ್ತು ಶಟರ್ ಒತ್ತುವ ಮುಂಚಿನ ಒಂದು ಸೆಕೆಂಡನ್ನು ಉಳಿಸುವ ಪ್ರೀ-ರಿಲೀಸ್, ಇವೆಲ್ಲ ಜೆಪೆಗ್‌ನಲ್ಲಿ ಮಾತ್ರ, ಎಲೆಕ್ಟ್ರಾನಿಕ್ ಶಟರ್‌ನಲ್ಲಿ ಮಾತ್ರ. ರಾ ಮಾತ್ರ ತೆಗೆಯುವವರಿಗೆ ಇದು ಗೊತ್ತಿರಬೇಕು. ಈ ಸೆನ್ಸರ್ ಸ್ಟ್ಯಾಕ್ಡ್ (ವೇಗವಾಗಿ ಓದುವ ಬಗೆ) ಅಲ್ಲ, ಸಾಲು ಸಾಲಾಗಿ ನಿಧಾನಕ್ಕೆ ಓದುತ್ತೆ. ಬಡಿಯುವ ರೆಕ್ಕೆ ಎಲೆಕ್ಟ್ರಾನಿಕ್ ಶಟರ್‌ನಲ್ಲಿ ಬಾಗಿದ ಹಾಗೆ ಬರುತ್ತೆ. ಹಾರುವ ಹಕ್ಕಿಗೆ ಮೆಕ್ಯಾನಿಕಲ್ಲೇ ಇಡಿ. ಅದರ ಮಿತಿ 1/4000. ನಿಮ್ಮಲ್ಲಿ ಈಗ 1/8000 ಇದೆ, ಆದರೆ ಎಫ್ 5.6 ಲೆನ್ಸಿಗೆ ಅದು ದೊಡ್ಡ ನಷ್ಟ ಅಲ್ಲ.

ಬ್ಯಾಟರಿ ದೊಡ್ಡ ಬದಲಾವಣೆ. ಡಿ7200ಗೆ ಸಿಐಪಿಎ (ಕ್ಯಾಮೆರಾ ಕಂಪನಿಗಳ ಸಂಘ) ಲೆಕ್ಕದಲ್ಲಿ 1110 ಶಾಟ್. ಝಡ್50 ಟೂಗೆ ವ್ಯೂಫೈಂಡರ್ ಬಳಸಿದರೆ ಸುಮಾರು 230. ಬರ್ಸ್ಟ್ ತೆಗೆದರೆ ಇದಕ್ಕಿಂತ ತುಂಬಾ ಜಾಸ್ತಿ ಬರುತ್ತೆ, ಆದರೆ ಹಕ್ಕಿಗಾಗಿ ಕಣ್ಣಿಟ್ಟು ಕಾಯುವ ಹೊತ್ತೆಲ್ಲ ಬ್ಯಾಟರಿ ಇಳಿಯುತ್ತಲೇ ಇರುತ್ತೆ. ನಿಮ್ಮ ಇಎನ್-ಇಎಲ್15 ಇದಕ್ಕೆ ಹೊಂದಲ್ಲ, ಇಎನ್-ಇಎಲ್25ಎ ಬೇಕು. ಬೆಳಿಗ್ಗೆಯಿಂದ ಸಂಜೆವರೆಗೆ ಇರುವುದಾದರೆ ಒಟ್ಟು ಮೂರು ಇಟ್ಟುಕೊಳ್ಳಿ. ಯುಎಸ್‌ಬಿ-ಸಿಯಿಂದ ಕ್ಯಾಮೆರಾದಲ್ಲೇ ಚಾರ್ಜ್ ಆಗುತ್ತೆ, ಪವರ್ ಡೆಲಿವರಿ ಇರುವ ಪವರ್ ಬ್ಯಾಂಕ್ ಇದ್ದರೆ ಊಟದ ಹೊತ್ತಿನಲ್ಲಿ ತುಂಬಿಸಬಹುದು.

ಕಾರ್ಡ್ ಸ್ಲಾಟ್ ಒಂದೇ. ಬಾಡಿಯಲ್ಲಿ ಸ್ಟೆಬಿಲೈಸೇಶನ್ ಇಲ್ಲ, 200-500ರ ವಿಆರ್ ಅಡಾಪ್ಟರ್ ಮೂಲಕ ಕೆಲಸ ಮಾಡುತ್ತೆ, ಅಷ್ಟು ಸಾಕು. ಸೆನ್ಸರ್ ಅಲುಗಿಸಿ ಧೂಳು ಉದುರಿಸುವ ವ್ಯವಸ್ಥೆಯೂ ಇಲ್ಲ, ಕೈಯಲ್ಲಿ ಒಂದು ಬ್ಲೋವರ್ ಇರಲಿ. ನಿಮ್ಮ 50 ಎಂಎಂ ಡಿ ಲೆನ್ಸಿಗೆ ಒಳಗೆ ಮೋಟಾರ್ ಇಲ್ಲ, ಎಫ್‌ಟಿಝಡ್‌ನಲ್ಲೂ ಇಲ್ಲ. ಹಾಗಾಗಿ ಅದು ಮ್ಯಾನ್ಯುಯಲ್ ಫೋಕಸ್ ಆಗಿಬಿಡುತ್ತೆ.

---

ಹತ್ತು_ಫ್ರೇಮ್

ಡಿ500 ಪರವಾಗಿ ಒಬ್ಬರಾದರೂ ಮಾತಾಡಬೇಕಲ್ಲ. 2016ರ ಬಾಡಿ, 2022ಕ್ಕೆ ತಯಾರಿಕೆ ನಿಂತಿದೆ. ಆದರೂ ಡಿಎಕ್ಸ್ ಡಿಎಸ್‌ಎಲ್‌ಆರ್‌ಗಳಲ್ಲಿ ಹಕ್ಕಿಗೆ ಅದಕ್ಕಿಂತ ಒಳ್ಳೆಯದು ನಿಕಾನ್ ಮಾಡಿಲ್ಲ. 153 ಪಾಯಿಂಟ್, ಅದರಲ್ಲಿ 99 ಕ್ರಾಸ್ ಟೈಪ್, ಫ್ರೇಮಿನ ಅಗಲ ಪೂರ್ತಿ ಹರಡಿವೆ. ಡಿ7200ರಲ್ಲಿ ಇಲ್ಲದ ಗ್ರೂಪ್ ಏರಿಯಾ ಎಎಫ್ (ಪಾಯಿಂಟ್‌ಗಳ ಗುಂಪು ಒಟ್ಟಾಗಿ ಫೋಕಸ್ ಹಿಡಿಯೋದು) ಇದೆ, ಮರದ ಹಿನ್ನೆಲೆಯಲ್ಲಿ ಹಾರುವ ರೀವಕ್ಕೆ ಇದೇ ಬೇಕು. ಸೆಕೆಂಡಿಗೆ 10 ಫ್ರೇಮ್, ರಾನಲ್ಲೇ 200 ಫ್ರೇಮ್‌ವರೆಗೆ ಬಫರ್ ತುಂಬಲ್ಲ. ನಿಮ್ಮ ಬ್ಯಾಟರಿ, ನಿಮ್ಮ 50 ಎಂಎಂ ಡಿ ಸಹಿತ ಎಲ್ಲ ಲೆನ್ಸ್ ಹಾಗೇ ನಡೆಯುತ್ತೆ. ವ್ಯೂಫೈಂಡರ್‌ನಲ್ಲಿ ಗಂಟೆಗಟ್ಟಲೆ ನೋಡಿದರೂ ಬ್ಯಾಟರಿ ಇಳಿಯಲ್ಲ.

ತಗೊಳ್ಳುವಾಗ ಇಷ್ಟು ನೋಡಿ. ಅಲ್ಲೇ ತೆಗೆದ ಒಂದು ಫೈಲಿನ ಎಕ್ಸಿಫ್‌ನಿಂದ (ಫೈಲಿನೊಳಗೇ ಇರುವ ಮಾಹಿತಿ) ಶಟರ್ ಕೌಂಟ್, ಅಂದರೆ ಎಷ್ಟು ಸಲ ಶಟರ್ ಬಿದ್ದಿದೆ ಅಂತ ನೋಡಿ. ಶಟರ್‌ನ ಅಂದಾಜು ಆಯಸ್ಸು 2 ಲಕ್ಷ, ಹಕ್ಕಿ ತೆಗೆಯುವವರ ಕೈಯಲ್ಲಿದ್ದ ಬಾಡಿ ಅಂದರೆ ಬೇಗ ಏರಿರುತ್ತೆ. ಒಂದೂವರೆ ಲಕ್ಷ ದಾಟಿದ್ದರೆ ಶಟರ್ ಬದಲಾಯಿಸುವ ಖರ್ಚನ್ನು ಬೆಲೆಯಲ್ಲಿ ಕಳೆದೇ ಮಾತಾಡಿ. ಎಫ್ 16ರಲ್ಲಿ ಬರಿ ಆಕಾಶ ತೆಗೆದು ಸೆನ್ಸರ್ ಕಲೆ ನೋಡಿ. ಬ್ಲೋವರ್‌ಗೆ ಹೋಗದ ಎಣ್ಣೆ ಚುಕ್ಕೆ ಇದ್ದರೆ ವೆಟ್ ಕ್ಲೀನಿಂಗ್ ಬೇಕು. ಮಾಲೀಕರು ಕರಾವಳಿ ಅಥವಾ ಮಲೆನಾಡಿನವರಾದರೆ ಮೌಂಟ್ ಸುತ್ತಲಿನ ಸ್ಕ್ರೂ, ಹಾಟ್ ಶೂ ತುಕ್ಕು ಹಿಡಿದಿದೆಯಾ ನೋಡಿ. ಬ್ಯಾಟರಿ ತಳದಲ್ಲಿ ‘ಲಿ-ಅಯಾನ್ 01’ ಅಂತಿರುವ ಹಳೇ ಇಎನ್-ಇಎಲ್15 ಇದರಲ್ಲಿ ಬೇಗ ಇಳಿದ ಹಾಗೆ ತೋರಿಸುತ್ತೆ, ‘20’ ಅಂತಿರೋದು ಅಥವಾ 15ಎ ನಂತರದ್ದು ಹಾಕಿ. ಮೊದಲ ಕಾರ್ಡ್ ಸ್ಲಾಟ್ ಎಕ್ಸ್‌ಕ್ಯೂಡಿ ಕಾರ್ಡಿಗೆ. ಹೊಸ ಫರ್ಮ್‌ವೇರ್ ಇದ್ದರೆ ಸಿಎಫ್‌ಎಕ್ಸ್‌ಪ್ರೆಸ್ ಬಿ ಕೂಡ ಹಿಡಿಯುತ್ತೆ. ಎರಡನೆಯದು ಎಸ್‌ಡಿ ಯುಎಚ್‌ಎಸ್-ಟೂ.

---

ಕಾವೇರಿ_ತೀರ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಸೂರ ಸರ್, ನೀವು ಹೇಳಿದ ಹಾಗೆ ಪರೀಕ್ಷೆ ಆಯ್ತು. ಲೈವ್ ವ್ಯೂನಲ್ಲಿ ಅಕ್ಷರ ಕತ್ತರಿಸಿದ ಹಾಗೆ ಶಾರ್ಪ್. ವ್ಯೂಫೈಂಡರ್‌ನಲ್ಲಿ ಫೋಕಸ್ ಪ್ರತಿ ಸಲ ಡಬ್ಬದ ಮುಂದೆ ಬೀಳ್ತಿತ್ತು. +9ಕ್ಕೆ ಸರಿಹೋಯ್ತು. ಕೂತ ಹಕ್ಕಿ ಈಗ ಸಮಸ್ಯೆ ಇಲ್ಲ. 12 ಬಿಟ್, ಓವರ್‌ಫ್ಲೋ ಮಾಡಿದ ಮೇಲೆ ಬಫರ್ ಕೂಡ ಸಹಿಸುವ ಹಾಗಿದೆ. ಡಿನಾಯ್ಸ್ ಟ್ರಯಲ್ ನೋಡಿದೆ, ಐಎಸ್‌ಒ 6400 ಫೈಲ್ ಧೈರ್ಯವಾಗಿ ಪ್ರಿಂಟ್ ಹಾಕಬಹುದು.

ಹಳೇ ಫೋಟೋ ವಿಂಗಡಿಸಿದಾಗ ಉಳಿದದ್ದು ಒಂದೇ. ಆಕಾಶದ ಮುಂದೆ ಹಾರುವ ಹಕ್ಕಿ ಬಹುಪಾಲು ಸರಿ ಇದೆ, ಮರ ಅಥವಾ ನೀರಿನ ಹಿನ್ನೆಲೆ ಬಂದರೆ ಅರ್ಧಕ್ಕಿಂತ ಜಾಸ್ತಿ ಹೋಗಿದೆ. ಪಾಯಿಂಟ್ ಹಿನ್ನೆಲೆ ಮೇಲೇ ಕೂತಿದೆ. ಇದೊಂದಕ್ಕೆ ಬಾಡಿ ಬದಲಾಯಿಸೋದು ಸರಿಯಾ? ಆದರೆ ನನಗೆ ಇಷ್ಟವಾದ ಫೋಟೋಗಳೇ ಇಂಥವು.

---

ಮಸೂರ

ಇಷ್ಟವಾದ ಫೋಟೋಗಳೇ ಅವು ಅಂದಮೇಲೆ ಸರಿಯೇ. ಉಳಿದ ಮೂರು ತೊಂದರೆ ಇದರ ಜೊತೆ ಸೇರಿದ್ದಾಗ ನಿಮಗೆ ಯಾವ ಬಾಡಿ ಅಂತ ತೀರ್ಮಾನಿಸೋಕೇ ಆಗ್ತಿರಲಿಲ್ಲ. ಈಗ ಕೇಳಬೇಕಾದ್ದು ಒಂದೇ: ಗಿಜಿಗಿಜಿ ಹಿನ್ನೆಲೆಯ ಮುಂದೆ ಚಿಕ್ಕ ಹಕ್ಕಿಯನ್ನು ಯಾವುದು ಬಿಡದೆ ಹಿಡಿಯುತ್ತೆ?

ಮೊದಲು ಡಿ7200ರಲ್ಲೇ ಕೊನೆಯ ಸಲ ಇಷ್ಟು ನೋಡಿ. ಎಎಫ್-ಸಿ (ನಿರಂತರ ಫೋಕಸ್), ಡೈನಾಮಿಕ್ 9 ಪಾಯಿಂಟ್. ಮರದ ಹಿನ್ನೆಲೆಗೆ 21 ಮತ್ತು 51 ಬೇಡ, ಸುತ್ತಲಿನ ಪಾಯಿಂಟ್‌ಗಳು ಎಲೆಗೆ ಹೋಗುತ್ತವೆ. ಫೋಕಸ್ ಟ್ರ್ಯಾಕಿಂಗ್ ಲಾಕ್-ಆನ್ 4 ಅಥವಾ 5ಕ್ಕೆ ಇಟ್ಟರೆ ಪಾಯಿಂಟ್ ಕ್ಷಣಕಾಲ ಹಕ್ಕಿಯಿಂದ ಜಾರಿದರೂ ಫೋಕಸ್ ತಕ್ಷಣ ಹಿಂದಕ್ಕೆ ಓಡಲ್ಲ. ಎಇ-ಎಲ್/ಎಎಫ್-ಎಲ್ ಬಟನ್ನನ್ನು ಎಎಫ್-ಆನ್ ಮಾಡಿ, ಹೆಬ್ಬೆರಳಿನಿಂದ ಒತ್ತಿ, ಹಕ್ಕಿ ಪಾಯಿಂಟ್‌ನಿಂದ ತಪ್ಪಿದ ಕೂಡಲೇ ಬೆರಳು ಎತ್ತಿ ಮತ್ತೆ ಒತ್ತಿ. ಶಟರ್ 1/2500, ವಿಆರ್ ಸ್ಪೋರ್ಟ್. ಇದಕ್ಕೆ ಗಣನೀಯ ಸುಧಾರಣೆ ಬಂದರೆ ದುಡ್ಡು ಉಳಿಯಿತು.

ಬರದಿದ್ದರೆ ಡಿ500 ಮತ್ತು ಝಡ್50 ಟೂ ನಡುವೆ ನನ್ನ ಮತ ಝಡ್50 ಟೂಗೆ. ಹತ್ತು_ಫ್ರೇಮ್ ಅವರು ಹೇಳಿದ್ದೆಲ್ಲ ಸರಿ, ಡಿ500ರ ಎಎಫ್ ಇವತ್ತಿಗೂ ಗಟ್ಟಿ. ಆದರೆ ಅದರಲ್ಲೂ ಪಾಯಿಂಟ್ ಹಕ್ಕಿ ಮೇಲೆ ಇಡುವ ಕೆಲಸ ನಿಮ್ಮದೇ, ಕನ್ನಡಿ ಮಾಡ್ಯೂಲ್ ಅದೇ ರೀತಿಯದು, ಫೈನ್ ಟ್ಯೂನ್ ಮತ್ತೆ ಮಾಡಬೇಕು, ವಾರಂಟಿ ಇಲ್ಲ. ಮುಂದೆ 180-600 ಎಂಎಂ ಝಡ್ ಲೆನ್ಸ್ ಕಡೆ ಹೋಗುವ ಮನಸ್ಸಿದ್ದರೆ ಡಿ500 ಅಲ್ಲಿಗೆ ದಾರಿ ಅಲ್ಲ. ಆ ಲೆನ್ಸ್ ಕಾಲರ್ ಸೇರಿ 2140 ಗ್ರಾಂ, ನಿಮ್ಮದು 2300. ಝೂಮ್ ಮಾಡಿದರೆ ಉದ್ದ ಬದಲಾಗಲ್ಲ, ಫೋಕಸ್ ಬೇಗ. ನಿಮ್ಮ ಹಣದ ಮುಂದಿನ ಕಂತು ಫುಲ್ ಫ್ರೇಮ್‌ಗಿಂತ ಅದಕ್ಕೆ ಹೋಗೋದು ಒಳ್ಳೆಯದು.

ನೇರ ಕೊಳ್ಳಬೇಡಿ. ಬೆಂಗಳೂರಿನಲ್ಲಿ ಝಡ್50 ಟೂ, ಎಫ್‌ಟಿಝಡ್ ಟೂ ಎರಡೂ ಬಾಡಿಗೆಗೆ ಸಿಗುತ್ತವೆ. ನಿಮ್ಮದೇ ಲೆನ್ಸ್ ಹಾಕಿ, ರೀವಗಳು ನೀರಿನ ಮಟ್ಟದಲ್ಲಿ ಹಾರುವ ಜಾಗದಲ್ಲಿ, ಒಂದೇ ಬೆಳಕಿನಲ್ಲಿ ಎರಡೂ ಬಾಡಿಯಲ್ಲಿ ತೆಗೆಯಿರಿ. ಸೆಟ್ಟಿಂಗ್: ಎಎಫ್-ಸಿ, ವೈಡ್ ಏರಿಯಾ ಎಲ್, ಡಿಟೆಕ್ಷನ್ ‘ಬರ್ಡ್ಸ್’. ‘ಆಟೋ’ ಬೇಡ, ಹುಡುಕುವ ಗುರಿ ಕಡಿಮೆ ಇದ್ದಷ್ಟೂ ಕೊಂಬೆಯನ್ನು ಹಕ್ಕಿ ಅಂದುಕೊಳ್ಳೋದು ಕಡಿಮೆ. ಮುಂಭಾಗದ ಒಂದು ಎಫ್‌ಎನ್ ಬಟನ್‌ಗೆ ಸಿಂಗಲ್ ಪಾಯಿಂಟ್ ಕೊಡಿ, ಪೊದೆಯೊಳಗಿನ ಹಕ್ಕಿಗೆ ಡಿಟೆಕ್ಷನ್ ಸೋತಾಗ ಬೇಕಾಗುತ್ತೆ. ಪವರ್ ಸೇವ್ ಸಮಯ ಹೆಚ್ಚಿಸಿ, ಇಲ್ಲಾಂದ್ರೆ ಕಣ್ಣಿಟ್ಟ ಹೊತ್ತಿಗೆ ಕ್ಯಾಮೆರಾ ಏಳುತ್ತಿರುತ್ತೆ. ಮನೆಗೆ ಬಂದು ಎರಡರಲ್ಲೂ ಕಣ್ಣು ಶಾರ್ಪ್ ಇರುವ ಫ್ರೇಮ್‌ಗಳ ಪಾಲು ಮಾತ್ರ ಎಣಿಸಿ, ಬೇರೆ ಏನೂ ನೋಡಬೇಡಿ. ಮರದ ಹಿನ್ನೆಲೆಯಲ್ಲಿ ಆ ಪಾಲು ಒಂದೂವರೆ ಪಟ್ಟಾದರೂ ಆಗದಿದ್ದರೆ ತಗೊಳ್ಳಬೇಡಿ.

ಡಿ7200 ಮಾರಬೇಡಿ. ಹಳೇ ಡಿಎಸ್‌ಎಲ್‌ಆರ್‌ಗೆ ಈಗ ಬೆಲೆ ಕುಸಿದಿದೆ. 50 ಎಂಎಂ ಡಿಗೆ ಆಟೋಫೋಕಸ್ ಅದರಲ್ಲೇ ಸಿಗೋದು.

---

ಕಾವೇರಿ_ತೀರ

ಬಾಡಿಗೆಗೆ ಕೇಳಿಟ್ಟಿದ್ದೀನಿ ಸರ್. ಎರಡು ಚಿಕ್ಕ ಪ್ರಶ್ನೆ. ಈಗಿರೋ ಎಸ್‌ಡಿ ಕಾರ್ಡ್ ಅದಕ್ಕೆ ನಡೆಯುತ್ತಾ? ಲೈಟ್‌ರೂಮ್ 6ರಲ್ಲಿ ಫೈಲ್ ತೆರೆಯುತ್ತಾ?

---

ಎಫ್‌ಟಿಝಡ್_ಬಳಕೆದಾರ

ಕಾರ್ಡ್ ನಡೆಯುತ್ತೆ, ಆದರೆ ನಿಮ್ಮ ಪರೀಕ್ಷೆ ಕೆಡುತ್ತೆ. ಯುಎಚ್‌ಎಸ್-ಒನ್ ಕಾರ್ಡಿನ ಗರಿಷ್ಠ ಮಿತಿಯೇ ಸೆಕೆಂಡಿಗೆ 104 ಎಂಬಿ. ಒಂದು ರಾ ಫೈಲ್ 25 ಎಂಬಿ ಅಂದುಕೊಂಡರೂ ಸೆಕೆಂಡಿಗೆ 11 ಫ್ರೇಮ್ ಅಂದರೆ 275 ಎಂಬಿ. ಬಫರ್ ತುಂಬಿ ಮತ್ತೆ ನಿಂತಾಗ ಬಾಡಿಯನ್ನು ಬೈಯ್ಯೋ ಹಾಗಾಗುತ್ತೆ. ಬಾಡಿಗೆಗೆ ತರುವಾಗಲೇ ವಿ60 ಅಥವಾ ವಿ90 ಗುರುತಿನ ಯುಎಚ್‌ಎಸ್-ಟೂ ಕಾರ್ಡ್ ಒಂದನ್ನೂ ಕೇಳಿ. ಹಿಂಭಾಗದಲ್ಲಿ ಎರಡು ಸಾಲು ಪಿನ್ ಇದ್ದರೆ ಅದು ಯುಎಚ್‌ಎಸ್-ಟೂ.

ಲೈಟ್‌ರೂಮ್ 6ಕ್ಕೆ ಅಪ್‌ಡೇಟ್ 2017ಕ್ಕೇ ನಿಂತಿದೆ, ಝಡ್50 ಟೂ ಫೈಲ್ ತೆರೆಯಲ್ಲ. ಅಡೋಬಿಯ ಡಿಎನ್‌ಜಿ ಕನ್ವರ್ಟರ್ ಉಚಿತ. ಅದರ ಪ್ರಿಫರೆನ್ಸ್‌ನಲ್ಲಿ ಹೊಂದಾಣಿಕೆಯನ್ನು ಹಳೇ ಕ್ಯಾಮೆರಾ ರಾ ಆವೃತ್ತಿಗೆ ಇಳಿಸಿ ಬದಲಾಯಿಸಿದರೆ ಲೈಟ್‌ರೂಮ್ 6 ಒಪ್ಪಿಕೊಳ್ಳುತ್ತೆ. ಆದರೆ ಫೋಕಸ್ ಪಾಯಿಂಟ್ ನೋಡಿ ಎಣಿಸುವ ಕೆಲಸವನ್ನು ಮೂಲ ಫೈಲಿನಲ್ಲೇ, ಎನ್‌ಎಕ್ಸ್ ಸ್ಟುಡಿಯೋದಲ್ಲಿ ಮುಗಿಸಿ. ಅದರ ಇತ್ತೀಚಿನ ಆವೃತ್ತಿ ಹಾಕಿಕೊಳ್ಳಿ, ಹಳೆಯದಕ್ಕೆ ಈ ಬಾಡಿ ಗೊತ್ತಿರಲ್ಲ.

ಇನ್ನೊಂದು: ಎಫ್‌ಟಿಝಡ್ ಟೂಗೆ ಟ್ರೈಪಾಡ್ ಕಾಲಿಲ್ಲ. ಕ್ಯಾಮೆರಾ ಹಿಡಿದು ಎತ್ತಬೇಡಿ, ಯಾವಾಗಲೂ ಲೆನ್ಸಿನ ಕಾಲರ್ ಹಿಡಿದೇ ಎತ್ತಿ. ಎರಡು ಕಾಲು ಕೆ.ಜಿ. ಲೆನ್ಸ್ ಚಿಕ್ಕ ಬಾಡಿಯ ಮೌಂಟಿಗೆ ಜೋತುಬಿದ್ದರೆ ಅಡಾಪ್ಟರ್ ಜೋಡಣೆ ಸಡಿಲವಾಗುತ್ತೆ, ಬಾಡಿಗೆಯವರ ಹತ್ತಿರ ಮಾತೂ ಕೇಳಬೇಕಾಗುತ್ತೆ.